ಪಪೇಟೊಗೆ ಕಲಿಸಿದ ಮಾತು

ಕಣಸಾಡ
೧೨ ಜೂನ್ ೧೯೯೩

ಅರ್ನವಾಜ್‌ಗೆ,

ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಒಂದು ನಾಯಿಯ ವಿಷಯಕ್ಕೆ. ಇದನ್ನು ಮೊದಲೇ ಹೇಳಿಬಿಟ್ಟರೆ ನೀನು ಕಾಗದ ಹರಿಯುವ ಮುನ್ನ ಪೂರ್ತಿ ಓದಬಹುದು ಎಂಬ ಆಸೆ.

ಹೆಣ ಇಡುವ ದೋಖ್ಮಾ ತೋಟದ ಕಾವಲುಗಾರ ಪೇಸಿಯ ಮುದಿ ನಾಯಿ ಮೋತಿ ಹೋಳಿಯ ಹೊತ್ತಿಗೆ ಸತ್ತುಹೋಯಿತು. ಅಲ್ಲಿಂದ ಈಚೆಗೆ ಊರಲ್ಲಿ ಇಬ್ಬರು ತೀರಿಕೊಂಡರು. ನಾಯಿ ಬಂದು ಮುಖ ನೋಡದೆ ನಮ್ಮ ಪಾರ್ಸಿಗಳಲ್ಲಿ ಹೆಣ ಎತ್ತುವಂತಿಲ್ಲವಲ್ಲ, ಪುರೋಹಿತರಾದ ದಸ್ತೂರ್‌ಜಿ ಎರಡು ಸಲವೂ ಪಕ್ಕದ ಊರಿಂದ ನಾಯಿ ತರಿಸಿದರು. ಕೊನೆಗೆ ಪೇಸಿ ರೈಲ್ವೆ ಗೂಡ್ಸ್ ಷೆಡ್ಡಿನಲ್ಲಿ ಒಂದನ್ನು ಹಿಡಿದು ತಂದ. ಬೆಕ್ಕಿಗಿಂತ ತುಸು ದೊಡ್ಡದು, ಮಣ್ಣಿನ ಬಣ್ಣ, ಎರಡು ಕಣ್ಣಿನ ಮೇಲೂ ಒಂದೊಂದು ಕಪ್ಪು ಬೊಟ್ಟು. ನಾಲ್ಕು ಕಣ್ಣಿನ ನಾಯಿ ಎಂದರೆ ಇದೇ ಎಂದು ದಸ್ತೂರ್‌ಜಿ ಒಪ್ಪಿದರು. ನೋಡಲು ಥೇಟ್ ಆಲೂಗಡ್ಡೆ. ಅದಕ್ಕೆ ಮಮ್ಮಾ ಪಪೇಟೊ ಎಂದೇ ಹೆಸರಿಟ್ಟಿದ್ದಾಳೆ.

ಅದು ಈಗ ನಮ್ಮ ಮನೆಯಲ್ಲಿದೆ. ಕಾರಣ ಇಷ್ಟು. ಮಮ್ಮಾಗೆ ಎಂಬತ್ತೆರಡು ತುಂಬಿತು. ಡಾಕ್ಟರು ಎದೆ ಪರೀಕ್ಷೆ ಮಾಡಿ ನನ್ನನ್ನು ಹೊರಗೆ ಕರೆದು ಮಾತಾಡಿದರು. ಮಮ್ಮಾ ಬಾಗಿಲ ಸಂದಿಯಲ್ಲಿ ಎಲ್ಲ ಕೇಳಿಸಿಕೊಂಡು, ಸಂಜೆ ದಸ್ತೂರ್‌ಜಿಗೆ ಹೇಳಿಕಳಿಸಿದಳು. "ನನ್ನನ್ನ ತೋಟದ ಹಾಲ್‌ಗೆ ಒಯ್ಯಕೂಡದು. ನಮ್ಮ ಅತ್ತೆ ಹೋದ ಹಾಗೆ ನಾನೂ ಈ ಮನೆಯಿಂದಲೇ ಹೋಗೋದು" ಎಂದಳು. ಈಗ ಊರಲ್ಲಿ ಯಾರೂ ಮನೆಯಿಂದ ಹೋಗುವುದಿಲ್ಲ, ಎಲ್ಲ ಕಾರ್ಯವೂ ಹಾಲ್‌ನಲ್ಲೇ. ದಸ್ತೂರ್‌ಜಿ ಗಡ್ಡ ನೀವಿಕೊಂಡು ಹೇಳಿದರು: "ಆಗಲಿ ಜೆರ್ಬಾಯಿ. ಆದ್ರೆ ತೊಳೆದು ಮಡಿ ಮಾಡಿದ ನೆಲದ ಮೇಲೆ ನಾಯಿ ಕಾಲೆತ್ತಿದ್ರೆ ಅಲ್ಲಿಗೆ ಎಲ್ಲ ಕೆಡ್ತು. ಮನೆಯೊಳಗೆ ಮರ್ಯಾದೆಯಾಗಿ ಇರೋ ನಾಯಿ ಆಗಬೇಕು. ಮಳೆಗಾಲ ಕಳೀಲಿ, ನಾನೇ ಬಂದು ಒಂದು ಗಂಟೆ ಕೂತು ನೋಡ್ತೀನಿ. ಆಗ ಹೂಂ ಅಂತೀನೋ ಉಹೂಂ ಅಂತೀನೋ ಹೇಳ್ತೀನಿ."

ನಾಯಿ ಬಂದು ಹತ್ತು ದಿನವಾಯಿತು. ನನ್ನ ಬೂಟಿನೊಳಗೆ, ಅಕ್ಕಿ ಡಬ್ಬದ ಪಕ್ಕ, ಪಪ್ಪಾನ ಫೋಟೊದ ಕೆಳಗೆ, ಎಲ್ಲ ಕಡೆ ಆಗಿದೆ. ಯಾರು ಬಂದರೂ ಬೊಗಳುತ್ತದೆ. ನೀನು ನಾಸಿಕ್‌ನಲ್ಲಿ ಜನರ ನಾಯಿಗಳಿಗೆ ಶಿಸ್ತು ಕಲಿಸುತ್ತೀ ಎಂದು ಸೂರತ್ತಿನ ಕೂಮಿ ಮಾಸಿ ಹೇಳಿದಳು. ಅಂದರೆ, ತಪ್ಪು ತಿಳಿಯಬೇಡ, ನಿನಗೆ ಬರೆ ಎಂದದ್ದು ಮಮ್ಮಾನೇ.

ಇಂತಿ,
ಬರ್ಜೋರ್


ನಾಸಿಕ್
೨೪ ಜೂನ್ ೧೯೯೩

ಬರ್ಜೋರ್,

ಕಾಗದ ಹರಿಯಲಿಲ್ಲ.

ಮೋತಿ ಸತ್ತಿತೆಂದು ಓದಿದೆ. ಪಪ್ಪಾ ಹೋದಾಗ ಮೋತಿ ಇನ್ನೂ ಮರಿ. ಪೇಸಿ ಅದನ್ನು ನನ್ನ ಮುಂದೆಯೇ ಹಾಲ್‌ನೊಳಗೆ ನಡೆಸಿಕೊಂಡು ಹೋದ. ನಾನು ಹೊರಗೆ ಬೆಂಚಿನ ಮೇಲಿದ್ದೆ. ಪರಜಾತಿಯವನನ್ನು ಮದುವೆಯಾದ ಹೆಣ್ಣು ಒಳಗೆ ಬರುವಂತಿಲ್ಲ ಎಂದು ಟ್ರಸ್ಟಿನವರು ಹೇಳಿದರು, ಆದರೆ ನನ್ನ ಮೊಣಕೈ ಹಿಡಿದು ಆ ಬೆಂಚಿಗೆ ಕರೆದೊಯ್ದವನು ನೀನು. "ಸ್ವಲ್ಪ ಹೊತ್ತು ಇಲ್ಲೇ ಕೂತಿರು" ಎಂದೆ. ಪಪ್ಪಾನ ಮುಖವನ್ನು ನಾಯಿ ನೋಡಿ ಬಂತು. ನಾನು ನೋಡಲಿಲ್ಲ. ಇದನ್ನು ಒಮ್ಮೆ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ.

ಈಗ ನಾಯಿಯ ವಿಷಯ. ಅದು ಕೆಟ್ಟ ನಾಯಿಯಲ್ಲ. ಅದಕ್ಕೆ ಮನೆ ಎಂದರೇನು ಎಂದು ಯಾರೂ ಹೇಳಿಲ್ಲ, ಅಷ್ಟೇ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ಮುಗಿದ ಕೂಡಲೇ ಹಿತ್ತಲಿಗೆ ಕರೆದುಕೊಂಡು ಹೋಗು. ದಿನವೂ ಅದೇ ಬಾಗಿಲು, ಅದೇ ಜಾಗ. ಆ ನುಗ್ಗೆಮರ ಇನ್ನೂ ಇದ್ದರೆ ಅದರ ಬುಡ ಸಾಕು. ಮಾತಾಡದೆ ನಿಂತಿರು. ಅದು ಮುಗಿಸಿದ ಕ್ಷಣವೇ ಹೊಗಳು, ಒಂದು ಚೂರು ತಿನ್ನಲು ಕೊಡು. ಒಳಗೆ ಬಂದಮೇಲೆ ಕೊಟ್ಟರೆ ಯಾತಕ್ಕೆ ಕೊಟ್ಟೆ ಎಂದು ಅದಕ್ಕೆ ತಿಳಿಯದು. ಮನೆಯೊಳಗೆ ಮಾಡಿದರೆ ಹೊಡೆಯಬೇಡ, ಮೂಗು ತಿಕ್ಕಬೇಡ, ಕೂಗಾಡಬೇಡ. ಹೊಡೆದರೆ ಮಾಡುವುದನ್ನು ಬಿಡುವುದಿಲ್ಲ, ನಿನ್ನ ಕಣ್ಣು ತಪ್ಪಿಸಿ ಮಾಡಲು ಕಲಿಯುತ್ತದೆ. ಆ ಜಾಗವನ್ನು ಫಿನಾಯಿಲಿನಿಂದ ಒರೆಸಬೇಡ, ಆ ಘಾಟಿಗೆ ಮತ್ತೆ ಅಲ್ಲಿಗೇ ಬರುತ್ತದೆ. ನೀರಿಗೆ ಸರಕೊ ಬೆರೆಸಿ ಒರೆಸು. ಕಬ್ಬಿನ ಹಾಲಿನ ವಿನೆಗರ್‌ಗೆ ನಿಮ್ಮ ಕಡೆ ಬರವೇನೂ ಇಲ್ಲವಲ್ಲ.

ಅದು ತಿನ್ನುವ, ಕುಡಿಯುವ, ಮಲಗುವ, ಒದ್ದೆ ಮಾಡುವ ಹೊತ್ತನ್ನೆಲ್ಲ ಬರೆದು ಕಳಿಸು. ಏನನ್ನೂ ಬಿಡಬೇಡ.

ಅರ್ನವಾಜ್ ಗೋಖಲೆ


ಕಣಸಾಡ
೯ ಜುಲೈ ೧೯೯೩

ಅರ್ನವಾಜ್,

ನುಗ್ಗೆಮರ ಇದೆ. ಹತ್ತು ದಿನದಿಂದ ನಾನು ಕೊಡೆ ಹಿಡಿದು ಅದರ ಬುಡದಲ್ಲಿ ನಿಲ್ಲುತ್ತಿದ್ದೇನೆ, ಬೀದಿಯವರಿಗೆಲ್ಲ ಒಳ್ಳೆಯ ತಮಾಷೆ. ಎದುರು ಮನೆಯ ದೌಲತ್ "ಏನು ಬರ್ಜೋರ್, ಮರಕ್ಕೆ ಮಳೆಯಾಗದ ಹಾಗೆ ನೋಡ್ಕೋತಿದೀರಾ?" ಎಂದು ಕಿಟಕಿಯಿಂದ ಕೇಳುತ್ತಾಳೆ.

ಮರದ ಬುಡದಲ್ಲೂ ಮಾಡುತ್ತದೆ, ಸುಳ್ಳೇಕೆ ಹೇಳಲಿ. ಒಳಗೂ ಮಾಡುತ್ತದೆ. ಅದೂ ಹೊತ್ತುಗೊತ್ತಿಲ್ಲದೆ. ನೀನು ಹೇಳಿದಂತೆ ಸರಕೊ ತಂದು ಒರೆಸಹೊರಟರೆ ಮಮ್ಮಾ ಹಾಸಿಗೆಯಿಂದಲೇ ಕೂಗಿದಳು: "ಉಪ್ಪಿನಕಾಯಿಗಿಟ್ಟ ಸರಕೊ ಕಣೋ ಅದು, ಮುಟ್ಠಾಳ! ಮೂರು ವರ್ಷದ ಹಳೇದು!" ಆಮೇಲೆ ಯಾರ ಸಲಹೆ ಎಂದು ಕೇಳಿದಳು. ಹೇಳಿದೆ. "ಹಾಗಾದ್ರೆ ಹಳೇದನ್ನೇ ಹಾಕು" ಎಂದಳು.

ನೀನು ಕೇಳಿದ ಪಟ್ಟಿ: ಬೆಳಗ್ಗೆ ಆರಕ್ಕೆ ಏಳುತ್ತದೆ, ಹಿತ್ತಲು. ಎಂಟಕ್ಕೆ ರೊಟ್ಟಿ, ಹಾಲು. ಹನ್ನೆರಡರವರೆಗೆ ಮಮ್ಮಾಳ ಮಂಚದ ಕೆಳಗೆ ನಿದ್ದೆ. ಸಂಜೆ ಆರಕ್ಕೆ ಅನ್ನ, ಮೀನಿನ ತಲೆ. ಅಷ್ಟೇ, ದಿನಕ್ಕೆ ಎರಡೇ ಸಲ ಆಹಾರ. ಆದರೂ ಒಂಬತ್ತೂವರೆಗೆ, ಒಂದೂವರೆಗೆ, ಐದಕ್ಕೆ, ಕೆಲವೊಮ್ಮೆ ಎಂಟೂವರೆಗೆ ಒದ್ದೆ. ಏಕೆ ಎಂದು ತಿಳಿಯದೆ ತಲೆ ಕೆಟ್ಟಿದೆ. "ಬೇಡ, ಬೇಡ, ಬೇಡ" ಎಂದು ಹೇಳುತ್ತಲೇ ಇರುತ್ತೇನೆ, ಅದು ನನ್ನ ಮುಖ ನೋಡುತ್ತಲೇ ಕಾಲೆತ್ತುತ್ತದೆ.

ಮಮ್ಮಾ ಈಗ ಮಹಡಿ ಹತ್ತುವುದಿಲ್ಲ. ಕೆಳಗಿನ ಕೋಣೆಗೆ ಹಾಸಿಗೆ ಇಳಿಸಿದ್ದೇವೆ.

ಬರ್ಜೋರ್


ನಾಸಿಕ್
೧೭ ಜುಲೈ ೧೯೯೩

ಬರ್ಜೋರ್,

ನಿನ್ನ ಪಟ್ಟಿಯಲ್ಲಿ ಒಂದು ಸುಳ್ಳಿದೆ. ನೀನು ಬೇಕೆಂದು ಹೇಳಿದ ಸುಳ್ಳಲ್ಲ, ಆದ್ದರಿಂದ ಬೈಯುವುದಿಲ್ಲ.

ಒಂಬತ್ತಕ್ಕೆ ನಿಮ್ಮ ತಿಂಡಿ. ಒಂದಕ್ಕೆ ಊಟ. ನಾಲ್ಕೂವರೆಗೆ ಚಹಾ. ಎಂಟಕ್ಕೆ ಮತ್ತೆ ಊಟ. ನೀವು ಕೂತಾಗಲೆಲ್ಲ, ಕೈ ತೊಳೆದು, ಬಾಯಿಗೆ ಏನನ್ನೂ ಇಡುವ ಮುನ್ನ ಕುತ್ರಾನೊ ಬುಕ್ ತೆಗೆದಿಡುತ್ತೀರಿ, ಅಲ್ಲವೇ? ನಾಯಿಯ ಪಾಲಿನ ಮೂರು ತುತ್ತು. ನೀನು ಮೂರು, ಮಮ್ಮಾ ಮೂರು. ಹಿಂದೆ ಅದನ್ನು ಬೀದಿನಾಯಿಗೆ ಹಾಕುತ್ತಿದ್ದಿರಿ. ಈಗ ಮನೆಯಲ್ಲೇ ನಾಯಿ ಇದೆ. ದಿನಕ್ಕೆ ಇಪ್ಪತ್ತನಾಲ್ಕು ತುತ್ತು, ಜೊತೆಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ನೀನು ಅದನ್ನು ಪಟ್ಟಿಗೆ ಸೇರಿಸಲಿಲ್ಲ, ಏಕೆಂದರೆ ನಿನ್ನ ಲೆಕ್ಕದಲ್ಲಿ ಅದು ನಾಯಿಗೆ ಊಟವಲ್ಲ, ಧರ್ಮ. ಪಪೇಟೊನ ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಿಲ್ಲ. ನಾನು ಓದಿದ ಪುಸ್ತಕಗಳಲ್ಲೆಲ್ಲ ಮನೆಯವರು ಉಂಡಮೇಲೆ ನಾಯಿಗೆ ಎಂದು ಬರೆದಿದೆ. ಆ ಪುಸ್ತಕ ಬರೆದವರು ಯಾರೂ ನಮ್ಮ ಮಮ್ಮಾಳ ಮೇಜಿನಲ್ಲಿ ಕೂತವರಲ್ಲ.

ಬುಕ್ ನಿಲ್ಲಿಸು ಎಂದು ಹೇಳುವುದಿಲ್ಲ. ಹೇಳಿದರೂ ಅವಳು ನಿಲ್ಲಿಸುವುದಿಲ್ಲ. ತುತ್ತುಗಳನ್ನು ಒಂದು ಬಟ್ಟಲಲ್ಲಿ ತೆಗೆದಿಟ್ಟು, ಬೆಳಗಿನದನ್ನು ಮರುದಿನದ ಎಂಟು ಗಂಟೆಯ ರೊಟ್ಟಿಯ ಜೊತೆ, ಮಧ್ಯಾಹ್ನದ್ದನ್ನೂ ಚಹಾದ್ದನ್ನೂ ಸಂಜೆ ಆರರ ಅನ್ನದ ಜೊತೆ ಕೊಡು. ರಾತ್ರಿಯದು ಬೀದಿಯ ನಾಯಿಗಿರಲಿ.

ನಾನು ಹೇಗೆ ಪತ್ತೆಹಚ್ಚಿದೆ ಎಂದು ಬೆರಗಾಗಬೇಡ. ಮದುವೆಯಾದ ಹದಿನಾರು ವರ್ಷದಿಂದ ಈ ಮನೆಯಲ್ಲಿ ನಾನೂ ತೆಗೆದಿಡುತ್ತಿದ್ದೇನೆ. ದಿಗಂಬರ ಮೊದಮೊದಲು ನಗುತ್ತಿದ್ದ. ಈಗ ನಾನು ಊರಲ್ಲಿ ಇಲ್ಲದಾಗ ಅವನೇ ಇಡುತ್ತಾನಂತೆ, ಒಂದು ದಿನ ಕೆಲಸದವಳು ಹೇಳಿದಳು.

ಅರ್ನವಾಜ್


ಕಣಸಾಡ
ರೋಜ್ ಬೆಹ್ರಾಮ್, ಮಾಹ್ ಅಸ್ಪಂದಾರ್
(ನಿನ್ನ ಕ್ಯಾಲೆಂಡರಿನಲ್ಲಿ ೭ ಆಗಸ್ಟ್)

ದೀಕ್ರಿ,

ಪೆನ್ಸಿಲ್‌ನಲ್ಲಿ ಬರೀತಿದೀನಿ, ಪೆನ್ನು ಜಾರತ್ತೆ. ಬರ್ಜೋರ್ ಬಜಾರಿಗೆ ಹೋಗಿದಾನೆ. ದೌಲತ್ ಇದನ್ನ ಪೋಸ್ಟಿಗೆ ಹಾಕ್ತಾಳೆ.

ಪಪೇಟೊ ಈಗ ಹಿತ್ತಲ ಬಾಗಿಲ ಹತ್ರ ಹೋಗಿ ಕೂತು ನನ್ನ ಕಡೆ ನೋಡತ್ತೆ. ಹನ್ನೊಂದು ದಿನ ಆಯ್ತು ನೆಲ ಒದ್ದೆಯಾಗಿ. ನಿನ್ನ ಮಾತು ನಾಯಿ ಕೇಳ್ತು, ನೀನು ಮಾತ್ರ ಸಣ್ಣವಳಿದ್ದಾಗ ನನ್ನ ಮಾತು ಒಂದಾದ್ರೂ ಕೇಳಿದ್ಯಾ?

ನಾನು ಮನೆಯಿಂದ ಹೋಗಬೇಕು ಅಂತ ಯಾಕೆ ಹಟ ಮಾಡ್ತಿದೀನಿ ಅಂತ ಬರ್ಜೋರ್‌ಗೆ ಹೇಳಿಲ್ಲ. ಅವನಿಗೆ ಹೇಳಿದ್ರೆ ಮುಖದಲ್ಲೇ ಗೊತ್ತಾಗಿಬಿಡತ್ತೆ, ಊರಿಗೆಲ್ಲ ತಿಳಿಯತ್ತೆ. ನಿನಗೆ ಹೇಳ್ತೀನಿ. ತೋಟದ ಹಾಲ್ ಟ್ರಸ್ಟಿನದು. ಅದರ ಬಾಗಿಲಲ್ಲಿ ಯಾರು ನಿಲ್ಲಬೇಕು ಯಾರು ಕೂರಬೇಕು ಅವರು ಹೇಳ್ತಾರೆ. ಈ ಮನೆ ನಿನ್ನ ಪಪ್ಪಾ ಕಟ್ಟಿಸಿದ್ದು. ಇದರ ಬಾಗಿಲು ನನ್ನದು. ನನ್ನ ಬಾಗಿಲಲ್ಲಿ ನನ್ನ ಮಗಳನ್ನ ತಡೆಯೋಕೆ ಅವರ್ಯಾರು?

ಆದ್ರೆ ಈಗ ಬರಬೇಡ. ನೀನು ಬಂದೆ ಅಂತ ಗುಲ್ಲೆದ್ರೆ ಅವರು ಎಚ್ಚರ ಆಗ್ತಾರೆ, ದಸ್ತೂರ್‌ಜಿ ಮೇಲೆ ಒತ್ತಾಯ ಹಾಕ್ತಾರೆ, ಮನೆಯಿಂದ ಎತ್ತೋಕೆ ಬಿಡಲ್ಲ. ನನ್ನ ಬದುಕಿರೋ ಮುಖ ನೀನು ಸೂರತ್ತಿನಲ್ಲಿ ಕೂಮಿ ಮನೆಯಲ್ಲಿ ವರ್ಷ ವರ್ಷ ನೋಡಿದೀಯ. ಇನ್ನೊಂದು ಸಲ ನೋಡೋದು ಉಳಿದಿದೆ. ನಿನ್ನ ಪಪ್ಪಾಂದು ನಿನಗೆ ತಪ್ಪಿಹೋಯ್ತು. ಆವತ್ತು ನಾನೂ ಬಾಯಿ ಬಿಡಲಿಲ್ಲ. ಅದು ನನ್ನ ಎದೆಯಲ್ಲಿ ಕೂತಿದೆ, ಡಾಕ್ಟರಿಗೆ ಕಾಣೋದು ಅದೇ ಇರಬೇಕು.

ನಾಯಿಗೆ ಚೆನ್ನಾಗಿ ಕಲಿಸು.

ಮಮ್ಮಾ


ನಾಸಿಕ್
೩೦ ಆಗಸ್ಟ್ ೧೯೯೩

ಬರ್ಜೋರ್,

ಒದ್ದೆಯ ಕಾಟ ಮುಗಿದದ್ದು ತಿಳಿಯಿತು. ಈಗ ಅರ್ಧ ಕೆಲಸವಾಗಿದೆ. ಉಳಿದರ್ಧ ನಾಯಿಯದಲ್ಲ, ನಿನ್ನದು.

ಆ ದಿನ ಮನೆ ತುಂಬ ಬಿಳಿ ಬಟ್ಟೆಯ ಜನ, ಲೋಬಾನದ ಹೊಗೆ, ಮಂತ್ರ ಎಲ್ಲ ಇರುತ್ತದೆ. ಸಣ್ಣ ನಾಯಿ ಹೆದರಿ ನುಗ್ಗಬಾರದು. ಆದ್ದರಿಂದ ಮುಂಬಾಗಿಲ ಹೊಸ್ತಿಲಲ್ಲಿ ಕೂರಲು ಕಲಿಸು. ಯಾರೇ ಒಳಗೆ ಹೋಗಲಿ, ಹೊರಗೆ ಬರಲಿ, ಬಾಗಿಲು ಎಷ್ಟೇ ತೆರೆದಿರಲಿ, ನೀನು "ಒಳಗೆ ಬಾ" ಎನ್ನುವವರೆಗೆ ಅದು ದಾಟಬಾರದು. ದಾಟಿದರೆ ಮಾತಾಡದೆ ಎತ್ತಿ ಹೊರಗಿಟ್ಟು ಮತ್ತೆ ಶುರುಮಾಡು. ನೂರು ಸಲ ಬೇಕಾದರೂ.

ಇಲ್ಲಿದೆ ನಿನ್ನ ತಾಪತ್ರಯ. "ಬೇಡ, ಬೇಡ, ಬೇಡ" ಎನ್ನುತ್ತೇನೆ ಎಂದು ಬರೆದಿದ್ದೆ. ನೀನು ಸಣ್ಣಂದಿನಿಂದ ಹಾಗೆಯೇ. ಒಂದೇ ಮಾತನ್ನು ಆರು ಸಲ, ತುಟಿಯ ಒಳಗೇ, ಎದುರಿಗಿದ್ದವರು ಕೇಳಿಸಿಕೊಳ್ಳದಿದ್ದರೆ ಸಾಕು ಎಂಬಂತೆ ಹೇಳುತ್ತೀ. ನಾಯಿಗೆ ಅದು ಮಾತಲ್ಲ, ಗೊಣಗಾಟ. ಮಾತು ಒಂದೇ ಇರಬೇಕು. ಹೇಳುವವನು ಒಬ್ಬನೇ ಇರಬೇಕು. ಒಂದೇ ಸಲ, ಸ್ಪಷ್ಟವಾಗಿ, ಅದರ ಕಣ್ಣು ನೋಡಿ ಹೇಳಬೇಕು. ಹೇಳಿದ ಮೇಲೆ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಕಷ್ಟ. ಜನ ಅಲ್ಲೇ ಸೋಲುತ್ತಾರೆ.

ನಿನಗೆ ಬರದಿದ್ದರೆ ನುಗ್ಗೆಮರಕ್ಕೆ ಹೇಳಿ ಅಭ್ಯಾಸ ಮಾಡು.

ಮಮ್ಮಾಳ ಕಾಗದ ಬಂದಿದೆ ಎಂದು ಅವಳಿಗೆ ಹೇಳು. ಓದಿದೆ ಎಂದೂ ಹೇಳು.

ಅರ್ನವಾಜ್


ಕಣಸಾಡ
೪ ಅಕ್ಟೋಬರ್ ೧೯೯೩

ಅರ್ನವಾಜ್,

ನಿನ್ನೆ ದಸ್ತೂರ್‌ಜಿ ಬಂದಿದ್ದರು.

ಮಮ್ಮಾ ಬೆಳಗ್ಗೆಯೇ ಕಸೂತಿಯ ಗಾರಾ ಸೀರೆ ಉಟ್ಟು, ದಿಂಬಿಗೊರಗಿ ಕೂತಿದ್ದಳು, ಹೆಣ್ಣು ನೋಡಲು ಬಂದಿದ್ದಾರೇನೋ ಎಂಬ ಹಾಗೆ. ದಸ್ತೂರ್‌ಜಿ ಜೋಡು ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಪಪೇಟೊ ಹೊಸ್ತಿಲಾಚೆ. ಬಾಗಿಲು ಪೂರ್ತಿ ತೆರೆದಿತ್ತು. ದೌಲತ್ ಬೇಕೆಂದೇ ಬೋಯಿ ಮೀನಿನ ತಟ್ಟೆ ಹಿಡಿದು ಅದರ ಮೂಗಿನ ಮುಂದೆ ಎರಡು ಸಲ ಓಡಾಡಿದಳು. ಅದರ ಬಾಯಿಂದ ನೀರು ಸುರಿಯಿತೇ ಹೊರತು ಕಾಲು ಮುಂದಿಡಲಿಲ್ಲ. ಒಂದು ಗಂಟೆ ಅರ್ನವಾಜ್! ಕೊನೆಗೆ ನಾನು "ಒಳಗೆ ಬಾ" ಎಂದೆ. ಒಂದು ಸಲ. ಬಂತು. ಮಮ್ಮಾಳ ಮಂಚದಿಂದ ಮೂರು ಹೆಜ್ಜೆ ದೂರ ನಿಂತು ಅವಳ ಮುಖ ನೋಡಿತು. ಬೊಗಳಲಿಲ್ಲ.

ಹೆಣದ ಮುಂದೆ ನಿಲ್ಲುವ ಹಾಗೆಯೇ ನಿಂತಿತ್ತು. ಮಮ್ಮಾ ಮಾತ್ರ, "ಏನೋ ಪಪೇಟೊ, ಇನ್ನೂ ಇದೀನಿ ಕಣೋ, ಹೋಗು" ಎಂದಳು. ದಸ್ತೂರ್‌ಜಿ ನಕ್ಕುಬಿಟ್ಟರು.

ಹೊರಡುವಾಗ ಅವರ ಒಂದು ಜೋಡು ಕಾಣಲಿಲ್ಲ. ಹುಡುಕಿದರೆ ನುಗ್ಗೆಮರದ ಬುಡದಲ್ಲಿ ಸಿಕ್ಕಿತು, ಹಿಮ್ಮಡಿ ಅರ್ಧ ಹೋಗಿತ್ತು. ಮಮ್ಮಾ ಹೋಗು ಎಂದಮೇಲೆ ಒಯ್ದಿತ್ತೋ ಏನೋ. ಎಲ್ಲ ಮುಗಿಯಿತು ಅಂದುಕೊಂಡೆ. ಅವರು ಅದನ್ನೇ ಮೆಟ್ಟಿಕೊಂಡು ಹೇಳಿದರು: "ಹೊರಗಿನ ಪಾಠ ನಾನು ಕೇಳಿರಲಿಲ್ಲವಲ್ಲ. ಒಳಗೆ ಪಾಸು." ಆಮೇಲೆ ದನಿ ತಗ್ಗಿಸಿ, "ಇದಕ್ಕೆ ಕಲಿಸಿದವರು ಯಾರು?" ಎಂದರು. ನಾನು ಅವರ ಜೋಡಿನ ಹಿಮ್ಮಡಿ ನೋಡತೊಡಗಿದೆ. ಮಮ್ಮಾ ಒಳಗಿಂದಲೇ, "ನನ್ನ ಮಗಳು" ಎಂದಳು. ಅವರು ಗಡ್ಡ ನೀವಿಕೊಂಡರು. ಕೊನೆಗೆ, "ನಾನು ನಾಯಿನ ಪರೀಕ್ಷೆ ಮಾಡೋಕೆ ಬಂದೆ ಜೆರ್ಬಾಯಿ. ಮನೆಗೆ ಯಾರು ಬರ್ತಾರೆ ಅನ್ನೋದು ಮನೆಯವರಿಗೆ ಬಿಟ್ಟಿದ್ದು" ಎಂದು ಕುಂಟುತ್ತ ಹೋದರು.

ಆಗ ನನಗೆ ಮಮ್ಮಾಳ ಹಟದ ಅರ್ಥವಾಯಿತು. ನಾನು ಎಷ್ಟು ಮಂದ ನೋಡು.

ಬರ್ಜೋರ್


ನಾಸಿಕ್
೧೬ ಅಕ್ಟೋಬರ್ ೧೯೯೩

ಬರ್ಜೋರ್ ಭಾಯಿ,

ದಿಗಂಬರನಿಗೆ ನಿನ್ನ ಕಾಗದ ಓದಿ ಹೇಳಿದೆ. ಜೋಡಿನ ಪ್ರಸಂಗಕ್ಕೆ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನೂ ನಕ್ಕೆ, ಆಮೇಲೆ ಒಳಗೆ ಹೋಗಿ ಅತ್ತೆ.

ನಿನಗೆ ಅರ್ಥವಾಯಿತು ಎಂದು ಬರೆದಿದ್ದೀ. ಸಂತೋಷ. ಆದರೆ ಒಂದು ಗಮನಿಸಿದೆಯಾ? ನಾಲ್ಕು ತಿಂಗಳಿಂದ ನನಗೆ ಬರೆಯುತ್ತಿದ್ದೀ. ನಾಯಿಯನ್ನು ಒಳಗೆ ಕರೆಯುವುದು ಹೇಗೆಂದು ಕಲಿತೆ. ನನ್ನನ್ನು ಇನ್ನೂ ಕರೆದಿಲ್ಲ. ಬಾಗಿಲು ಮಮ್ಮಾಳದು ನಿಜ. ಆದರೆ ಆ ದಿನ ಅವಳು ಮಾತಾಡುವ ಹಾಗಿರುವುದಿಲ್ಲ. ಬಾಗಿಲಲ್ಲಿ ನಿಂತಿರುವವನು ನೀನು.

ನಾನು ಬೇಡಿಕೊಳ್ಳುವುದಿಲ್ಲ. ಬೆಂಚಿನ ಮೇಲೆ ಕೂರುವುದೂ ಇಲ್ಲ.

ಅರ್ನವಾಜ್


ಕಣಸಾಡ
೧೮ ಜನವರಿ ೧೯೯೪

ಅರ್ನವಾಜ್,

ಮಮ್ಮಾಳ ಊಟ ನಿಂತುಹೋಗಿದೆ. ನಿನ್ನೆ ರವೆ ಸಿಹಿ ಮಾಡಿದ್ದೆ, ಒಂದು ಚಮಚ ತೆಗೆದುಕೊಂಡಳು. ಅದಕ್ಕೂ ಮೊದಲು ಮೂರು ಚೂರು ಬಟ್ಟಲಿಗೆ ತೆಗೆದಿಟ್ಟಳು. ತಾನು ತಿಂದದ್ದಕ್ಕಿಂತ ನಾಯಿಗಿಟ್ಟದ್ದೇ ಹೆಚ್ಚು. ಪಪೇಟೊ ಈಗ ಮಂಚದ ಕೆಳಗಿಂದ ಹಿತ್ತಲಿಗೆ ಬಿಟ್ಟರೆ ಬೇರೆಲ್ಲೂ ಹೋಗದು.

ಟ್ರಸ್ಟಿನ ಕಾರ್ಯದರ್ಶಿ ಅದೀ ಶೇಟ್ ಬಂದಿದ್ದರು. ಹಣ್ಣು ತಂದಿದ್ದರು. "ಕಾರ್ಯ ಮನೆಯಲ್ಲೇ ಅಂತೆ, ಆಗಲಿ. ಆದ್ರೆ ನಿಯಮ ಎಲ್ಲಿದ್ರೂ ನಿಯಮಾನೇ, ಬರ್ಜೋರ್. ಮುಂದೆ ನೀನೂ ನಮ್ಮ ತೋಟಕ್ಕೇ ಬರಬೇಕಾದವನು" ಎಂದು ನನ್ನ ಬೆನ್ನು ತಟ್ಟಿ ಹೋದರು. ನಾನು "ಹೂಂ ಹೂಂ" ಎಂದೆ. ಎಷ್ಟು ಸಲ ಹೂಂ ಎಂದೆನೋ. ಅವರು ಹೋದಮೇಲೆ ನಾಚಿಕೆಯಾಯಿತು.

ಈ ಕಾಗದದ ಕೊನೆಯ ಸಾಲನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದರೆ ಕಾಣಬಹುದು. ನನಗೆ ಹೆದರಿಕೆ ಅರ್ನವಾಜ್. ಮೊದಲಿಂದಲೂ ಹೆದರಿಕೆಯೇ.

ಬರ್ಜೋರ್


ತಂತಿ
೫ ಫೆಬ್ರವರಿ ೧೯೯೪

ಮಮ್ಮಾ ಇಂದು ಬೆಳಗ್ಗೆ ಹೋದಳು. ಕಾರ್ಯ ಮನೆಯಲ್ಲಿ. ನಾಳೆ ಮೂರು ಗಂಟೆ. ಬರ್ಜೋರ್.


ನಾಸಿಕ್
೧೯ ಫೆಬ್ರವರಿ ೧೯೯೪

ಬರ್ಜೋರ್ ಭಾಯಿ,

ಆ ದಿನ ನಾವು ಹೆಚ್ಚು ಮಾತಾಡಲಿಲ್ಲ. ಅವಳನ್ನು ಹೊತ್ತು ಹೊರಟ ಕೂಡಲೇ ನಾನೂ ಬಸ್ಸು ಹಿಡಿದೆ. ಈಗ ಬರೆಯುತ್ತೇನೆ. ನೀನು ಒಳಗಿದ್ದೆ, ಹೊರಗಿನಿಂದ ಅದು ಹೇಗೆ ಕಂಡಿತು ಎಂದು ನಿನಗೆ ತಿಳಿದಿರಲಿ.

ನಿನ್ನ ತಂತಿಯಲ್ಲಿ ಬಾ ಎಂಬ ಮಾತಿರಲಿಲ್ಲ. ಆದರೂ ಬಂದೆ. ದಿಗಂಬರನನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಬಿಳಿ ಸೀರೆಯುಟ್ಟು ನಡೆದುಬಂದೆ. ನಮ್ಮ ಬೀದಿ ಅಷ್ಟು ಉದ್ದವೆಂದು ಯಾವತ್ತೂ ಅನ್ನಿಸಿರಲಿಲ್ಲ. ಕಿಟಕಿಗಳಲ್ಲಿ ಜನ ನಿಂತಿದ್ದರು. ದೌಲತ್ ಮಾತ್ರ ಇಳಿದು ಬಂದು ನನ್ನ ಕೈ ಒತ್ತಿ ಹೋದಳು.

ಜಗಲಿಯ ಮೇಲೆ ಅದೀ ಶೇಟ್ ನಿಂತಿದ್ದರು. ಒಂದು ಕುರ್ಚಿ ಹಾಕಿಸಿದ್ದರು, ನನಗಾಗಿ. "ಬಾ ಮಗೂ, ಇಲ್ಲಿ ಕೂತ್ಕೋ. ಇಲ್ಲಿಂದ ಮಂತ್ರ ಚೆನ್ನಾಗಿ ಕೇಳ್ಸತ್ತೆ" ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು, ಅದೇ ಸಹಿಸಲಾಗಲಿಲ್ಲ. ನಾನು ಕೂರಲಿಲ್ಲ. ಹೊಸ್ತಿಲವರೆಗೆ ಹೋಗಿ ನಿಂತೆ. ಅಲ್ಲಿ ಪಪೇಟೊ ಕೂತಿತ್ತು, ಪೇಸಿ ಹಗ್ಗ ಬಿಟ್ಟಿದ್ದ. ಎಂಟು ತಿಂಗಳು ಕಾಗದದಲ್ಲಿ ಸಾಕಿದ ನಾಯಿಯನ್ನು ಕಣ್ಣಾರೆ ಕಂಡದ್ದು ಆಗ. ಅದು ನನ್ನ ಸೀರೆಯ ಅಂಚು ಮೂಸಿ ಮತ್ತೆ ಒಳಗೆ ನೋಡತೊಡಗಿತು. ಬಾಗಿಲು ಪೂರ್ತಿ ತೆರೆದಿತ್ತು. ನಾವಿಬ್ಬರೂ ದಾಟಲಿಲ್ಲ. ತೊಳೆದ ನೆಲಕ್ಕೆ ಅದರ ಭಯವೂ ಇತ್ತು, ನನ್ನ ಭಯವೂ ಇತ್ತು. ಇಬ್ಬರಲ್ಲಿ ಅದಾದರೂ ಪರೀಕ್ಷೆ ಪಾಸಾಗಿತ್ತು.

ಅಲ್ಲಿಂದ ಮಮ್ಮಾಳ ಪಾದ ಮಾತ್ರ ಕಾಣುತ್ತಿತ್ತು.

ದಸ್ತೂರ್‌ಜಿ, "ಬರ್ಜೋರ್, ಹೊತ್ತಾಯ್ತು, ಕರೀರಿ" ಎಂದರು. ನೀನು ಎದ್ದೆ. ನನ್ನ ಹಿಂದಿನಿಂದ ಅದೀ ಶೇಟ್, "ಬರ್ಜೋರ್, ನಾಯಿ ಮಾತ್ರ" ಎಂದರು. ನೀನು ಈಗ ಗೊಣಗುತ್ತೀ, ಆರು ಸಲ ಗೊಣಗುತ್ತೀ, ಅದರಲ್ಲಿ ಒಂದೂ ನನಗೆ ಕೇಳಿಸುವುದಿಲ್ಲ ಎಂದುಕೊಂಡೆ. ದೇವರಾಣೆ, ತಿರುಗಿ ಹೋಗಲು ಕಾಲೆತ್ತಿದ್ದೆ.

ನೀನು "ಒಳಗೆ ಬಾ" ಎಂದೆ.

ಒಂದೇ ಸಲ. ಬೀದಿಯ ಆ ತುದಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಹೇಳಿ ಸುಮ್ಮನೆ ನಿಂತೆ. ಪಪೇಟೊ ದಾಟಿತು. ನಾನೂ ದಾಟಿದೆ. ಯಾರೂ ಏಳಲಿಲ್ಲ. ದಸ್ತೂರ್‌ಜಿ ತಲೆಯೆತ್ತದೆ ಮಂತ್ರ ಶುರುಮಾಡಿದರು.

ಅದು ಮೂರು ಹೆಜ್ಜೆ ದೂರದಲ್ಲಿ ನಿಂತು ಅವಳ ಮುಖ ನೋಡಿತು. ನಾನು ಅದರ ಪಕ್ಕ ನಿಂತು ನೋಡಿದೆ. ಮುಖ ಎಷ್ಟು ಚಿಕ್ಕದಾಗಿತ್ತು! ಎಡಗೆನ್ನೆಯ ಮಚ್ಚೆ ಹಾಗೇ ಇತ್ತು. ಏನನ್ನೋ ಗೆದ್ದವಳ ಹಾಗೆ ತುಟಿ ಬಿಗಿದಿದ್ದಳು. ಸಾಕಾಗುವಷ್ಟು ನೋಡಿದೆ ಭಾಯಿ. ಹದಿನೈದು ವರ್ಷದಿಂದ ಪಪ್ಪಾನ ಮುಖ ಹೇಗಿತ್ತೋ ಎಂದು ಕಲ್ಪಿಸಿಕೊಂಡು ಸೋತಿದ್ದೇನೆ. ಇವಳದನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ.

ಒಂದೇ ಒಂದು ಪ್ರಶ್ನೆ, ಅದನ್ನು ಕೇಳಬಾರದೆಂದು ಎರಡು ವಾರ ತಡೆದುಕೊಂಡೆ. ನೀನು ಆ ಮಾತನ್ನು ಹೇಳಿದ್ದು ಯಾರಿಗೆ? ನಾಯಿಗೆ ಹೇಳಿದ್ದರೂ ನನಗೆ ಬೇಸರವಿಲ್ಲ. ನಾನು ಅದರ ಬೆನ್ನಿಗೆ ನುಸುಳಿಕೊಂಡು ಬಂದೆ ಎಂದು ತಿಳಿಯುತ್ತೇನೆ, ಅಷ್ಟೇ.

ನಿನ್ನ,
ಅರ್ನೂ


ಕಣಸಾಡ
೧ ಮಾರ್ಚ್ ೧೯೯೪

ಅರ್ನೂ,

ನಾಯಿಗೆ ಹೇಳಲಿಲ್ಲ. ನಿನಗೆ ಹೇಳಿದೆ.

ನಿನ್ನ ಕಣ್ಣು ನೋಡಿಯೇ ಹೇಳಿದ್ದು, ನೀನು ಮಾತ್ರ ನೆಲ ನೋಡುತ್ತಿದ್ದೆ. ಪಪೇಟೊನನ್ನು ಆಮೇಲೆ ಬೇರೆಯಾಗಿ ಕರೆಯೋಣ ಎಂದುಕೊಂಡಿದ್ದೆ, ಅದು ತನಗೇ ಎಂದು ತಿಳಿದು ನಿನಗಿಂತ ಮುಂಚೆ ಬಂದುಬಿಟ್ಟಿತು. ಹಾಗಾಗಿ ಊರವರು ಇವತ್ತಿಗೂ ನಾನು ನಾಯಿಯನ್ನು ಕರೆದೆ, ಹಿಂದೆಯೇ ನೀನು ನುಗ್ಗಿದೆ ಎಂದು ಮಾತಾಡಿಕೊಳ್ಳುತ್ತಾರೆ. ಮೊನ್ನೆ ಅದೀ ಶೇಟ್ ಕೂಡ ಹಾಗೆಯೇ ಹೇಳಿ ನನ್ನನ್ನು ಪಾರುಮಾಡಲು ನೋಡಿದರು. "ನಿನ್ನ ತಪ್ಪೇನಿಲ್ಲ ಬಿಡು, ನೀನು ಕರೆದದ್ದು ನಾಯಿನ ತಾನೇ?" ಎಂದರು. "ಅಲ್ಲ, ನನ್ನ ತಂಗಿಯನ್ನ" ಎಂದೆ. ಒಂದೇ ಸಲ ಹೇಳಿದೆ. ಹೇಳಿದ ಮೇಲೆ ಸುಮ್ಮನಿದ್ದೆ. ನೀನು ಬರೆದದ್ದು ನಿಜ, ಅದೇ ಕಷ್ಟ.

ಪೇಸಿ ನಾಯಿಯನ್ನು ಕೇಳಲು ಬಂದಿದ್ದ. ಬೇಕಾದಾಗ ಕರೆದುಕೊಂಡು ಹೋಗು, ಮನೆ ಮಾತ್ರ ಇದೇ ಎಂದು ಹೇಳಿ ಕಳಿಸಿದೆ. ಮಂಚದ ಕೆಳಗೆ ಅದಕ್ಕೆ ಮಮ್ಮಾಳ ಹಳೆಯ ಶಾಲು ಹಾಸಿದ್ದೇನೆ. ಊಟಕ್ಕೆ ಕೂತಾಗ ನನ್ನ ಮೂರು ತುತ್ತು ತೆಗೆದಿಟ್ಟು, ಕೈ ತಡೆಯದೆ ಅವಳ ಮೂರನ್ನೂ ಇಡುತ್ತೇನೆ. ಬಟ್ಟಲಲ್ಲೇ ಇಟ್ಟು ಹೊತ್ತಿಗೆ ಸರಿಯಾಗಿ ಕೊಡುತ್ತೇನೆ, ಬೈಯಬೇಡ.

ಮೊದಲ ಮಾಸಿಕ ಐದನೇ ತಾರೀಖಿಗೆ. ಹಿತ್ತಲ ಬಾಗಿಲಿಂದಲ್ಲ, ಹೊತ್ತು ನೋಡಿಯಲ್ಲ, ಒಬ್ಬಳೇ ಅಲ್ಲ. ದಿಗಂಬರನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಡಬೇಡ. ಇದನ್ನು ಹೊಡೆದುಹಾಕದೆ ಒಂದೇ ಸಲ ಬರೆಯುತ್ತಿದ್ದೇನೆ: ಮನೆಗೆ ಬಾ.

ನಿನ್ನ,
ಬರ್ಜೋರ್ ಭಾಯಿ